ಹತ್ತಕ್ಕೆ ಎಂಟು

ಜಮಖಂಡಿ ಕಡೆಯ ಒಂದು ಕ್ಯಾಥೊಲಿಕ್ ಶಾಲೆಯಲ್ಲಿ ನಾನು ಗಣಿತದ ಮಾಸ್ತರ. ಪಾಲಕರ ಒಪ್ಪಿಗೆಯಿಲ್ಲದೆ ಮಕ್ಕಳನ್ನು ಧರ್ಮಬೋಧನೆಗೆ ಕೂರಿಸಬಾರದೆಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಹಾಗಾಗಿ ಕ್ರೈಸ್ತ ಮಕ್ಕಳು ಧರ್ಮೋಪದೇಶಕ್ಕೆ ಹೋದಾಗ ಉಳಿದವರಿಗೆ ನೀತಿಪಾಠ. ಅದು ನನ್ನ ಪಾಲಿಗೆ ಬಂತು.

ಸಂತ ಇಗ್ನೇಷಿಯಸ್ ಲೊಯೋಲರ ಆತ್ಮಶೋಧನೆಯ ಕ್ರಮವನ್ನು ಆಗಷ್ಟೇ ಓದಿದ್ದೆ. 1548ರಲ್ಲಿ ಪೋಪರ ಒಪ್ಪಿಗೆ ಪಡೆದ ಅವರ ಪುಸ್ತಕದಲ್ಲಿ, ಬಿಡಬೇಕೆಂದಿರುವ ದೋಷಕ್ಕೆ ದಿನದಿನವೂ ಗೆರೆ ಎಳೆದು, ಎಡವಿದಷ್ಟು ಸಲ ಚುಕ್ಕೆ ಇಡಿ ಎಂದಿದೆ. ಗೆರೆ, ಚುಕ್ಕೆ! ಗಣಿತದವನಿಗೆ ಇನ್ನೇನು ಬೇಕು?

ಮಕ್ಕಳಿಗೆ ದಿನಕ್ಕೊಂದು ತಪ್ಪು ಬರೆದು ತರಲು ಹೇಳಿದೆ. ಸಾಲದ್ದಕ್ಕೆ ಪ್ರಾಮಾಣಿಕತೆಗೆ ಅಂಕ ಬೇರೆ. ನೋಡನೋಡುತ್ತ ತಪ್ಪುಗಳ ಸುಗ್ಗಿಯೇ ಶುರುವಾಯಿತು. ಒಬ್ಬ ಕದ್ದ ಕಬ್ಬನ್ನೇ ಅಕ್ಕಪಕ್ಕದವರೂ ಕದ್ದಿದ್ದರು. ಕಾಗುಣಿತದ ತಪ್ಪೂ ಒಂದೇ. ಒಬ್ಬ ಎದ್ದು ನಿಂತು, “ಸರ, ನಿನ್ನೆ ಏನೂ ತಪ್ಪ ಮಾಡಿಲ್ರಿ. ಸುಳ್ಳ ಬರೀಲೇನ್ರಿ?” ಎಂದ. ಅವನಿಗೆ ಸೊನ್ನೆ ಕೊಟ್ಟೆ.

ಒಂದು ವಹಿಯಲ್ಲಿ ಮಾತ್ರ ನಿಜವಿತ್ತು. ಬನಹಟ್ಟಿಯ ನೇಕಾರರ ಮನೆಯ ಹುಡುಗ. ಅವ್ವ ಮಗ್ಗಕ್ಕೆ ನೂಲಿನ ಕಂಡಿಕಿ ಸುತ್ತಿ ಕೂಡಿಟ್ಟಿದ್ದ ದುಡ್ಡಿನಲ್ಲಿ 20 ರೂಪಾಯಿ ತೆಗೆದಿದ್ದ. ಹೆಸರು ಹೇಳದೆ, ಮಾದರಿಯೆಂದು ಗಟ್ಟಿಯಾಗಿ ಓದಿದೆ. ಕಂಡಿಕಿ ಎಂದದ್ದೇ ತಡ, ಇಡೀ ವರ್ಗ ಅವನತ್ತ ತಿರುಗಿತು. ಪೆನ್ನು ಬೀಳಿಸಿಕೊಂಡವನಂತೆ ಬೆಂಚಿನ ಕೆಳಗೆ ಬಗ್ಗಿದವನು ಗಂಟೆ ಹೊಡೆಯುವವರೆಗೂ ಏಳಲಿಲ್ಲ. ಅವನ ವಹಿಯ ಮೇಲೆ ಹತ್ತಕ್ಕೆ ಎಂಟು ಎಂದು ಬರೆದೆ. ಆ ಎರಡು ಅಂಕ ಯಾಕೆ ಕಳೆದೆನೋ, ನೆನೆಸಿಕೊಂಡರೆ ಇಂದಿಗೂ ಕಿವಿ ಬಿಸಿಯಾಗುತ್ತದೆ.

ವಿಷಯ ತಿಳಿದ ಹಿರಿಯ ಸಿಸ್ಟರ್ ಒಬ್ಬರು ಬೈಯಲಿಲ್ಲ. “ಪಾಪನಿವೇದನೆಯೊಳಗ ಕೇಳಿದ್ದನ್ನ ಫಾದರ್ ಜೀವ ಹೋದ್ರೂ ಹೊರಗ ಹೇಳಂಗಿಲ್ರಿ ಸರ” ಎಂದಷ್ಟೇ ಹೇಳಿ ಹೋದರು. ಆ ಗುಟ್ಟು ಒಡೆದ ಪಾದ್ರಿಯನ್ನು ಪದವಿಯಿಂದ ಇಳಿಸಿ, ಬದುಕಿಡೀ ಪ್ರಾಯಶ್ಚಿತ್ತಕ್ಕೆ ಮಠಕ್ಕೆ ಅಟ್ಟಬೇಕೆಂದು 1215ರ ಲ್ಯಾಟರನ್ ಮಹಾಸಭೆಯೇ ವಿಧಿಸಿತ್ತು ಎಂದು ಆಮೇಲೆ ಓದಿದೆ. ನನಗೆ ಸಂಬಳ ಬಂತು.

ಹುಡುಗನ ಹತ್ತಿರ ಹೋಗಿ ತಪ್ಪಾಯಿತೆಂದೆ. “ಇರ್ಲಿ ಬಿಡ್ರಿ ಸರ” ಎಂದ. ಆದರೆ ಮುಂದೆ ಅವನು ಬರೆದದ್ದೆಲ್ಲ ‘ನಳ ಬಂದ್ ಮಾಡಲು ಮರೆತೆ’ ಎಂಬಂಥ ತಪ್ಪುಗಳೇ.

ಇಗ್ನೇಷಿಯಸರ ಪುಸ್ತಕವನ್ನು ಮತ್ತೆ ತೆರೆದೆ. ಚುಕ್ಕೆ ಇಟ್ಟವನೇ ಅದನ್ನು ಎಣಿಸಬೇಕು, ಬೇರೆಯವರಲ್ಲ. ದಿನದ ಶೋಧನೆ ಶುರುವಾಗುವುದೂ ತಪ್ಪಿನಿಂದಲ್ಲ, ದೇವರಿಗೆ ಕೃತಜ್ಞತೆ ಹೇಳುವುದರಿಂದ. ಅದನ್ನು ನಾನು ಪೀಠಿಕೆಯೆಂದು ಹಾರಿಸಿಬಿಟ್ಟಿದ್ದೆ.

ಈಗ ತರಗತಿಯ ಕೊನೆಗೆ ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನೆ ಕೂರುತ್ತೇವೆ. ಇವತ್ತು ನಿಮಗೆ ಯಾರು ಒಳ್ಳೆಯದು ಮಾಡಿದರು, ನೆನೆಸಿಕೊಳ್ಳಿ ಎನ್ನುತ್ತೇನೆ. ಬರೆಯುವವರು ಬರೆಯುತ್ತಾರೆ, ನಾನು ನೋಡುವುದಿಲ್ಲ. ಪ್ರಯೋಜನವಾಗುತ್ತಿದೆಯೇ ಎಂದು ಯಾರಾದರೂ ಕೇಳಿದರೆ ತೋರಿಸಲು ಒಂದು ಅಂಕವೂ ನನ್ನಲ್ಲಿಲ್ಲ. ಒಂದು ಮಾತ್ರ ಗೊತ್ತು: ಅಂದು ಆ ವರ್ಗದಲ್ಲಿ ನಾನು ಕೇಳಿದ ಕೆಲಸವನ್ನು ಸರಿಯಾಗಿ ಮಾಡಿದವರಲ್ಲಿ ಒಬ್ಬ, ಸೊನ್ನೆ ಪಡೆದ ಆ ಹುಡುಗ.