ಗೂಟ, ಕಣ್ಣಿ ಮತ್ತು ನಮ್ಮ ಮನೆ

ಪುಣೆಗೆ ಬಂದು ಹದಿಮೂರು ವರ್ಷವಾಯಿತು. ಇಲ್ಲಿ ಯಾರಾದರೂ ನನ್ನ ಊರು ಕೇಳಿದರೆ ಮೊದಲು ಭೀಮಾ ನದಿಯ ಹೆಸರು ಹೇಳುತ್ತೇನೆ. ಇದೇ ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟುವ ನದಿ ಉಜನಿ ಅಣೆಕಟ್ಟು, ಪಂಢರಪುರ ದಾಟಿ ನಮ್ಮ ಇಂಡಿ ತಾಲೂಕಿಗೆ ಬರುತ್ತದೆ. ಅದರ ದಂಡೆಯ ಸಣ್ಣ ಊರು ನಮ್ಮದು. 12 ಎಕರೆ ಎರೆ ಹೊಲ. ಜೋಳ, ತೊಗರಿ, ಒಂದಿಷ್ಟು ಲಿಂಬೆ ಗಿಡ. ಮನೆಯಲ್ಲಿ ಅಪ್ಪ, ಅವ್ವ, ಅಣ್ಣ, ವೈನಿ, ಅವರ ಮಗಳು. ಇಷ್ಟು ಹೇಳಿದರೆ ಮನೆಯ ಲೆಕ್ಕ ಅರ್ಧ ಮುಗಿಯಿತು. ಉಳಿದರ್ಧ, ಕಳೆದ ದೀಪಾವಳಿಯವರೆಗೆ, ಹೀಗಿತ್ತು: ಎರಡು ಖಿಲಾರಿ ಎತ್ತು, ಒಂದು ಪಂಢರಪುರಿ ಎಮ್ಮೆ, ಅದರ ಮಣಕ, ಐದು ಆಡು, ಒಂದು ನಾಯಿ, ಮತ್ತು ಕೆಂಪಿ ಎಂಬ ಹೆಣ್ಣು ಕುದುರೆ.

ಕುದುರೆ ಎಂದ ಕೂಡಲೇ ಆಫೀಸಿನವರು ರೇಸು, ಇಲ್ಲವೇ ಮದುವೆಯ ಮೆರವಣಿಗೆ ನೆನಪಿಸಿಕೊಳ್ಳುತ್ತಾರೆ. ಕೆಂಪಿ ಎರಡಕ್ಕೂ ಆಗುವವಳಲ್ಲ. ಅವಳ ಬೆನ್ನು ನನ್ನ ಎದೆಯ ಮಟ್ಟಕ್ಕೆ ಬರುತ್ತದೆ. ಸುಗ್ಗಿ ಮುಗಿದ ಮೇಲೆ ನಮ್ಮ ಕಡೆ ಕುರಿಗಾರರು ಹಿಂಡು ಹೊಡೆದುಕೊಂಡು ಬರುತ್ತಾರೆ. ಗೊಬ್ಬರ ಆಗಲಿ ಎಂದು ರೈತರು ಅವರ ಕುರಿಗಳನ್ನು ರಾತ್ರಿ ತಮ್ಮ ಹೊಲದಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಅವರ ಗುಡಾರ, ಪಾತ್ರೆ, ಹಾದಿಯಲ್ಲಿ ಹುಟ್ಟಿದ ಮರಿಗಳು, ಎಲ್ಲವೂ ಸಣ್ಣ ಕುದುರೆಗಳ ಬೆನ್ನ ಮೇಲೆ. ಹಿಂದೆ ಮರಾಠರ ದಂಡಿನಲ್ಲಿದ್ದ ಭೀಮಥಡಿ ಎಂಬ ತಳಿ ಇದೇ. ಥಡಿ ಅಂದರೆ ದಂಡೆ. ಅಂದರೆ ನಮ್ಮ ನದಿಯ ಕುದುರೆ. ಈಚೆಗೆ ಸರಕಾರವೂ ಅದನ್ನು ಪ್ರತ್ಯೇಕ ತಳಿ ಎಂದು ದಾಖಲಿಸಿದೆ. ಅಪ್ಪ ಕೆಂಪಿಯನ್ನು ಅಂಥ ಕುರಿಗಾರರಿಂದಲೇ ಕೊಂಡಿದ್ದು.

ಶೋಕಿಗೆ ಕೊಂಡಿದ್ದಲ್ಲ. ಎರೆ ಮಣ್ಣಿನ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಮಳೆ ಬಿದ್ದರೆ ಸಾಕು, ಬೈಕಿನ ಗಾಲಿ ಮತ್ತು ಮಡ್‌ಗಾರ್ಡಿನ ನಡುವೆ ಮಣ್ಣು ತುಂಬಿ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಕಡ್ಡಿ ಹಿಡಿದು ಮಣ್ಣು ಕೀಳುತ್ತಾ ಹೊಲ ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಕೆಂಪಿ ಅದೇ ಹಾದಿಯಲ್ಲಿ ಬೀಜದ ಚೀಲ, ಬುತ್ತಿ, ಅಪ್ಪ ಮೂರನ್ನೂ ಹೊತ್ತು ಹೋಗುತ್ತಿದ್ದಳು.

2020ರ ಲಾಕ್‌ಡೌನಿನಲ್ಲಿ ನಾನು ಹದಿನಾಲ್ಕು ತಿಂಗಳು ಊರಲ್ಲಿದ್ದೆ. ಮಾಳಿಗೆಯ ಮೇಲೆ ನೆಟ್‌ವರ್ಕ್, ಕೆಳಗೆ ದನ. ಮನೆಯ ಗಡಿಯಾರ ಯಾರು ಎಂದು ತಿಳಿದದ್ದು ಆಗ. ಬೆಳಗಿನ ನಾಲ್ಕೂವರೆಗೆ ಎಮ್ಮೆ ಒದರುತ್ತದೆ, ಅವ್ವ ಏಳುತ್ತಾಳೆ. ಹೆಂಡಿ ಬಳಿದು ತಿಪ್ಪೆಗೆ ಹಾಕುವುದು ಅಣ್ಣ. ಎತ್ತುಗಳಿಗೆ ಕಣಿಕೆ, ಎಮ್ಮೆಗೆ ಹಿಂಡಿ, ಕುದುರೆಗೆ ನೆನೆಸಿದ ಹುರುಳಿ. ಒಬ್ಬೊಬ್ಬರ ಹೊಟ್ಟೆ ಒಂದೊಂದು ತರಹ. ಎತ್ತು ಹೊಟ್ಟೆ ತುಂಬ ತಿಂದು, ಆಮೇಲೆ ಮಲಗಿ ಮೆಲುಕು ಹಾಕುತ್ತದೆ. ಕುದುರೆಗೆ ಮೆಲುಕು ಇಲ್ಲ, ಅದರ ಜಠರ ಚಿಕ್ಕದು, ಸ್ವಲ್ಪ ಸ್ವಲ್ಪವಾಗಿ ದಿನವಿಡೀ ಮೇಯಬೇಕು. ತಿಂದದ್ದು ಕೆಟ್ಟರೆ ಹೊರಹಾಕಲು ಅದಕ್ಕೆ ವಾಂತಿಯೂ ಬರುವುದಿಲ್ಲ. ಅದಕ್ಕೇ ಬೂಸಲು ಹಿಡಿದ ಮೇವಿನ ಬಗ್ಗೆ ಅಪ್ಪನಿಗೆ ಅಷ್ಟು ಭಯ.

ಆ ಮಳೆಗಾಲದ ಒಂದು ರಾತ್ರಿ ಕೆಂಪಿಗೆ ಹೊಟ್ಟೆನೋವು ಬಂತು. ಮುಂಗಾಲಿನಿಂದ ನೆಲ ಕೆರೆಯುವುದು, ತಿರುಗಿ ತನ್ನ ಪಕ್ಕೆ ನೋಡಿಕೊಳ್ಳುವುದು, ಬಿದ್ದು ಹೊರಳುವುದು. ಡಾಕ್ಟರು ಬರಲು ಮೂರು ತಾಸು ಹಿಡಿಯುತ್ತಿತ್ತು. ಅಲ್ಲಿಯವರೆಗೆ ಹೊರಳಲು ಬಿಡದೆ ನಡೆಸುತ್ತಿರಿ ಎಂದು ಫೋನಿನಲ್ಲಿ ಹೇಳಿದರು. ಅಪ್ಪ, ಅಣ್ಣ, ನಾನು ಪಾಳಿಯ ಮೇಲೆ ಹಗ್ಗ ಹಿಡಿದು ಅಂಗಳದಲ್ಲಿ ಸುತ್ತಿದೆವು. ಅಪ್ಪ ತನ್ನ ಪಾಳಿ ಮುಗಿದರೂ ಹಗ್ಗ ಬಿಡಲಿಲ್ಲ. ಇಂಜೆಕ್ಷನ್ ಬಿದ್ದು, ಬೆಳಗಿನ ಜಾವ ಅವಳು ಲದ್ದಿ ಹಾಕಿದಾಗ ಅವ್ವ ದೇವರ ಮುಂದೆ ದೀಪ ಹಚ್ಚಿದಳು. ಲದ್ದಿಗಾಗಿ ದೀಪ ಹಚ್ಚಿದ ಮನೆ ನಮ್ಮದು!

ಎಮ್ಮೆಯದು ಬೇರೆ ಕಥೆ. ಬೆನ್ನ ಮೇಲೆ ಕತ್ತಿಯಂತೆ ಹಿಂದಕ್ಕೆ ಚಾಚಿದ ಉದ್ದ ಕೊಂಬು, ಸ್ವಭಾವ ಮಾತ್ರ ಮಗುವಿನದು. ಅವ್ವನ ಕೈಗಲ್ಲದೆ ತೊರೆ ಬಿಡುವುದಿಲ್ಲ. ಅವ್ವ ಮದುವೆಗೆ ಹೋದರೆ ವೈನಿ ಅವ್ವನ ಹಳೆಯ ಸೀರೆ ಉಟ್ಟು ಹಿಂಡಲು ಕೂರುತ್ತಾಳೆ. ದಿನಕ್ಕೆ 6–7 ಲೀಟರ್ ಹಾಲು. ಡೇರಿಯ ಹಣ ಅವ್ವನದು. ಅದನ್ನು ಯಾರೂ ಲೆಕ್ಕ ಕೇಳುವಂತಿಲ್ಲ. ನನ್ನ ಎಂಸಿಎ ಓದಿನ ಹಾಸ್ಟೆಲ್ ಖರ್ಚು ನಡೆದದ್ದು ಈ ಎಮ್ಮೆಯ ಅಜ್ಜಿಯ ಹಾಲಿನಲ್ಲಿ.

ಇಂಥ ಮನೆಯಲ್ಲಿ ದನಕ್ಕೆ ಬೇನೆ ಬಂದರೆ ಏನಾಗುತ್ತದೆ ಎಂಬುದನ್ನು 2022 ತೋರಿಸಿತು. ಚರ್ಮಗಂಟು ರೋಗ ಬಂದ ವರ್ಷ ಅದು. ಎಮ್ಮೆಗಳಿಗೆ ಅಷ್ಟಾಗಿ ತಾಗಲಿಲ್ಲ, ಕುದುರೆಗೆ ಅದು ಬರುವುದೇ ಇಲ್ಲ. ಹೊಡೆತ ಬಿದ್ದದ್ದು ಎತ್ತು, ಆಕಳುಗಳಿಗೆ. ನಮ್ಮ ಎಡಗಡೆಯ ಎತ್ತಿನ ಮೈತುಂಬ ಅಡಿಕೆ ಗಾತ್ರದ ಗಂಟು ಎದ್ದವು. ರೋಗ ಹರಡುವುದು ನೊಣ, ಸೊಳ್ಳೆ, ಉಣ್ಣೆಗಳಿಂದ ಎಂದು ಅಣ್ಣ ಸಂಜೆಗೊಮ್ಮೆ ಬೇವಿನ ಸೊಪ್ಪಿನ ಹೊಗೆ ಹಾಕುತ್ತಿದ್ದ. ಆಡಿನ ಸಿಡುಬಿಗೆ ಕೊಡುವ ಲಸಿಕೆಯನ್ನೇ ಆಗ ದನಗಳಿಗೂ ಹಾಕುತ್ತಿದ್ದರು. ಜೊತೆಯ ಎತ್ತಿಗೆ ಹಾಕಿಸಿದೆವು. ತಿಂಗಳೊಪ್ಪತ್ತಿನಲ್ಲಿ ಎತ್ತು ಎದ್ದು ನಿಂತಿತು. ಆದರೆ ಹೆಗಲು ಮೊದಲಿನ ಹೆಗಲಾಗಲಿಲ್ಲ. ಅಣ್ಣನೂ ಮೊದಲಿನ ಅಣ್ಣನಾಗಲಿಲ್ಲ.

ಕಳೆದ ದೀಪಾವಳಿಗೆ ಊಟ ಮುಗಿಸಿ ಕೂತಾಗ ಅಣ್ಣ ಮಾತು ತೆಗೆದ: "ಎತ್ತು ಮಾರೂಣು."

ಅವನ ಲೆಕ್ಕ ಸರಿಯಾಗಿತ್ತು. ನೇಗಿಲಿನ ಕೆಲಸ ಟ್ರ್ಯಾಕ್ಟರ್ ಮಾಡುತ್ತದೆ. ಬಿತ್ತುವುದು, ತೊಗರಿ ಸಾಲಿನಲ್ಲಿ ಎಡೆ ಹೊಡೆಯುವುದು ಸೇರಿ ಎತ್ತಿಗೆ ವರ್ಷದಲ್ಲಿ 40–50 ದಿನ ಕೆಲಸ. ತಿನ್ನಿಸಬೇಕಾದದ್ದು 365 ದಿನ. ಸುತ್ತ ಕಬ್ಬು ಹೆಚ್ಚಾಗಿ ಜೋಳ ಕಡಿಮೆಯಾಗಿ ಕಣಿಕೆ ತುಟ್ಟಿಯಾಗಿದೆ. ಆಳು ಸಿಗುವುದಿಲ್ಲ. ಅಪ್ಪನಿಗೆ 74, ಮೊಣಕಾಲು ಹಿಡಿದಿದೆ.

ನಾನು ಬಾಯಿ ತೆರೆಯುವ ಮೊದಲೇ ಅಣ್ಣ ನನ್ನ ಕಡೆ ತಿರುಗಿದ. "ತಮ್ಮಾ, ನಿನಗ ವರ್ಷಕ್ಕ ನಾಕು ಸಲ ಬಂದು ದನ ನೋಡೂದು ಚೆಂದ ಅನಸ್ತದ. ನಾ ದಿನಾ ಎರಡು ಸಲ ಹೆಂಡಿ ಬಳೀತೀನಿ."

ಇದಕ್ಕೆ ಎದುರು ಮಾತಿಲ್ಲ. ನಗರದಲ್ಲಿರುವ ನಮ್ಮಂಥವರಿಗೆ ಊರಿನ ದನ ಎಂದರೆ ಕಾರಹುಣ್ಣಿಮೆಯ ಬಣ್ಣದ ಕೊಂಬು, ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊರಟ ಚಕ್ಕಡಿ. ಅವು ಇರಲಿ ಎಂದು ಬಯಸುವುದು ಸುಲಭ. ಅದರ ಬಾಡಿಗೆ ಕಟ್ಟುವವನು ಊರಲ್ಲಿ ಉಳಿದವನು. ಹೆಂಡಿ ಬಳಿಯುವ ಕೈಗೇ ಈ ವಿಷಯದಲ್ಲಿ ಮೊದಲ ಮಾತು ಎಂದು ನನಗೆ ಅಂದು ಖಾತ್ರಿಯಾಯಿತು.

ಅಪ್ಪ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ್ದು ಒಂದೇ ಮಾತು: "ಮಾರ್ರಿ. ಆದ್ರ ಮುಂಜಾನಿ ಎದ್ದು ನಾ ಎಲ್ಲಿ ಹೋಗ್ಲಿ?"

ಆ ಪ್ರಶ್ನೆಯನ್ನು ಇಟ್ಟುಕೊಂಡೇ ಮುಂದಿನ ಮಾತು ನಡೆಯಿತು. ಅವ್ವ ನಡುವೆ ಬಂದು, "ಎಮ್ಮಿ ಸುದ್ದಿಗೆ ಬರಬ್ಯಾಡ್ರಿ, ಅದು ನಂದು," ಎಂದು ಅದರ ತೀರ್ಮಾನ ತಾನೇ ಮಾಡಿದಳು. ಎತ್ತು ಕೊಡುವುದು, ಆದರೆ ಸಂತೆಯಲ್ಲಲ್ಲ. ಇನ್ನೂ ಕೂರಿಗೆಯಲ್ಲಿ ಬಿತ್ತುವ ಪಕ್ಕದೂರಿನ ಪರಿಚಯದವರಿಗೆ. ಆಡು ಮೂರು ಕಡಿಮೆ. ಮೇವು ಕತ್ತರಿಸುವ ಯಂತ್ರ, ಹೆಂಡಿ ಬಳಿಯಲು ಬೆಳಗ್ಗೆ ಒಂದು ತಾಸು ಬರುವ ಹುಡುಗನ ಪಗಾರ ನನ್ನ ಪಾಲಿಗೆ. ಕೆಂಪಿ ಇರುತ್ತಾಳೆ, ಅವಳ ಚಾಕರಿ ಪೂರ್ತಿ ಅಪ್ಪನದು.

ಎತ್ತು ಹೋದ ದಿನ ಅಪ್ಪ ಹಣೆಗೆ ಅರಿಷಿಣ ಹಚ್ಚಿ, ಹೊಸ ಮೂಗುದಾಣ ಹಾಕಿ, ಗಾಡಿ ಬೇಡವೆಂದು ತಾನೇ ಪಕ್ಕದೂರಿನವರೆಗೆ ನಡೆಸಿಕೊಂಡು ಹೋದನಂತೆ, ಆ ಮೊಣಕಾಲಿನಲ್ಲಿ. ಗೂಟಗಳನ್ನು ಮಾತ್ರ ಕೀಳಲು ಬಿಟ್ಟಿಲ್ಲ.

ಈಗ ಅವನು ಬೆಳಗ್ಗೆ ಐದಕ್ಕೆ ಎದ್ದು ಕೆಂಪಿಯ ಮೈ ತಿಕ್ಕಿ, ಹುರುಳಿ ಇಟ್ಟು, ಕಣ್ಣಿ ಬಿಚ್ಚಿ ಹೊಲದತ್ತ ಹೊರಡುತ್ತಾನೆ. ಹತ್ತುವುದಿಲ್ಲ. ಒಂದು ಕೈ ಅವಳ ಹೆಗಲ ಮೇಲೆ ಊರಿಕೊಂಡು ಜೊತೆಗೆ ನಡೆಯುತ್ತಾನೆ. ಅವಳೂ ಅವನ ನಡಿಗೆಗೆ ತಕ್ಕಂತೆ ನಿಧಾನ ಮಾಡುತ್ತಾಳೆ ಎಂದು ವೈನಿ ಹೇಳುತ್ತಾಳೆ. ಅಣ್ಣನ ಮುಖದಲ್ಲಿ ಒಂದಿಷ್ಟು ನಿದ್ದೆ ಕಾಣುತ್ತದೆ.

ಕುದುರೆಯ ಗೊರಸು ನಮ್ಮ ಉಗುರಿನಂತೆ ಬೆಳೆಯುತ್ತಲೇ ಇರುತ್ತದೆ. ಆರರಿಂದ ಎಂಟು ವಾರಕ್ಕೊಮ್ಮೆ ಕೊರೆದು ಲಾಳ ಹೊಡೆಸಬೇಕು. ವಿಜಯಪುರದಲ್ಲಿ ಇನ್ನೂ ಟಾಂಗಾ ಇರುವುದರಿಂದ ಆ ಕೆಲಸ ಬಲ್ಲವರು ಇದ್ದಾರೆ; ಅಲ್ಲಿಂದ ಒಬ್ಬರು ಬರುತ್ತಾರೆ. ಆ ಹೊತ್ತಿಗೆ ಕಾಲು ಎತ್ತಿ ಹಿಡಿಯಲು ಗಟ್ಟಿ ಆಳು ಬೇಕು, ಅಪ್ಪನಿಗೆ ಬಗ್ಗಲಾಗದು. ಅದು ಈಗ ನನ್ನ ಪಾಳಿ. ಬರುವ ಎರಡನೇ ಶನಿವಾರಕ್ಕೆ ಸೊಲ್ಲಾಪುರದವರೆಗೆ ರೈಲು ಟಿಕೆಟ್ ತೆಗೆಸಿದ್ದೇನೆ.