ತಾಲೀಮಿಗಷ್ಟೇ ಮೀಸಲು

ನಾಟಕದ ತಾಲೀಮನ್ನು ಹತ್ತಿರದಿಂದ ಕಂಡವರಿಗೆ ಗೊತ್ತು: ಅಲ್ಲಿ ನಡೆಯುವ ಎಷ್ಟೋ ಕೆಲಸಗಳು ಪ್ರದರ್ಶನದ ದಿನ ನಡೆಯುವುದಿಲ್ಲ. ಸೀಮೆಸುಣ್ಣದ ಗೆರೆಯೇ ಅರಮನೆಯ ಬಾಗಿಲು, ಮಡಿಸುವ ಕುರ್ಚಿಯೇ ಸಿಂಹಾಸನ. ಬಾರದ ನಟನ ಮಾತುಗಳನ್ನು ಬೇರೊಬ್ಬರು ಪುಸ್ತಕ ಹಿಡಿದು ಓದುತ್ತಾರೆ. ಗುಡುಗಬೇಕಾದಲ್ಲಿ ನಿರ್ದೇಶಕರು ಮೇಜು ಗುದ್ದುತ್ತಾರೆ. ಇವಿಲ್ಲದೆ ನಾಟಕ ಸಿದ್ಧವಾಗದು. ಇವು ರಂಗದ ಮೇಲೂ ಉಳಿದುಬಿಟ್ಟರೆ ನಾಟಕ ಕೆಟ್ಟಿತು. ಇಂಗ್ಲಿಷ್ ಸಾಹಿತ್ಯ ಓದಿ ಸರ್ಕಾರಿ ಕಡತಗಳ ನಡುವೆ ಬದುಕುತ್ತಿರುವ ನನಗೆ ಈ ಸಂಗತಿ ಹೊಸ ಅರ್ಥದಲ್ಲಿ ಎದುರಾದದ್ದು, ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿರುವ ಮಗಳ ಲ್ಯಾಪ್‌ಟಾಪ್ ಪರದೆಯ ಮೇಲೆ.

ಅವಳು ಬಳಸುತ್ತಿದ್ದುದು ಫ್ಲೋಕೋಡ್ ಎಂಬ ತಂತ್ರಾಂಶ. ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್‌ನ ಮ್ಯಾಟ್ರಿಕ್ಸ್ ಸಂಸ್ಥೆ ಅದನ್ನು ರೂಪಿಸಿದೆ. ಅದರಲ್ಲಿ ಪ್ರೋಗ್ರಾಂ ಎಂದರೆ ಸಾಲುಸಾಲಾಗಿ ಬರೆದ ಸಂಕೇತಗಳಲ್ಲ, ಒಂದು ಫ್ಲೋಚಾರ್ಟ್. ಪ್ರಶ್ನೆಗೆ ವಜ್ರದಾಕೃತಿ, ಲೆಕ್ಕಕ್ಕೆ ಚೌಕ, ಅವುಗಳನ್ನು ಕೂಡಿಸುವ ಬಾಣಗಳು. ಈ ಚಿತ್ರಭಾಷೆ ಕಂಪ್ಯೂಟರಿಗಿಂತ ಹಳೆಯದು. ಫ್ರಾಂಕ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿ 1921ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಮುಂದಿಟ್ಟ ಕಾರ್ಯವಿಧಾನದ ನಕ್ಷೆಗಳೇ ಇದರ ಪೂರ್ವಜರು. 1940ರ ದಶಕದಲ್ಲಿ ಗೋಲ್ಡ್‌ಸ್ಟೈನ್ ಮತ್ತು ಫಾನ್ ನಾಯ್ಮನ್ ಅದನ್ನು ಕಂಪ್ಯೂಟರಿನ ಕೆಲಸಕ್ಕೆ ಒಗ್ಗಿಸಿದರು. ನನ್ನಂಥ ಹೊರಗಿನವನೂ ಬೆರಳಿಟ್ಟು ಓದಬಹುದಾದ ಭಾಷೆ ಅದು.

ಚಾರ್ಟ್ ಬರೆದ ಮೇಲೆ ಎರಡು ದಾರಿಗಳಿವೆ. ಒಂದು, ಪರದೆಯ ಮೇಲೆಯೇ ಅದನ್ನು ನಡೆಸಿ ನೋಡುವುದು; ಇದು ಸಿಮ್ಯುಲೇಷನ್. ಇನ್ನೊಂದು, ಅದನ್ನು ಸಿ ಭಾಷೆಗೂ ಅಲ್ಲಿಂದ ಯಂತ್ರಭಾಷೆಗೂ ಇಳಿಸಿ ಚಿಪ್‌ಗೆ ತುಂಬುವುದು. ಮೊದಲನೆಯ ದಾರಿಗೆ ಮಾತ್ರ ಮೀಸಲಾದ ಮ್ಯಾಕ್ರೋಗಳೂ ಇವೆ. ಮ್ಯಾಕ್ರೋ ಎಂದರೆ ಒಂದು ಹೆಸರಿನಡಿ ಕಟ್ಟಿಟ್ಟ ಕೆಲಸಗಳ ಗಂಟು. ತಾಲೀಮಿಗೆ ಮೀಸಲಾದ ಈ ಗಂಟುಗಳು ಪರದೆಯ ಮೇಲೆ ಚಿತ್ರವನ್ನು ಅಲುಗಾಡಿಸುತ್ತವೆ, ಇಲ್ಲದ ಸಂವೇದಕದ ಪರವಾಗಿ ಅಂಕಿಗಳನ್ನು ಒದಗಿಸುತ್ತವೆ. ಚಿಪ್‌ಗೆ ಇಳಿಸುವಾಗ ತಂತ್ರಾಂಶ ಅವುಗಳನ್ನು ಕೈಬಿಡುತ್ತದೆ. ಅದು ಸರಿಯೇ. ತೆಂಗಿನಕಾಯಿ ಗಾತ್ರದ ಪರದೆಯೂ ಇಲ್ಲದ ಚಿಪ್‌ಗೆ ಚಿತ್ರ ಬರೆಯುವ ಆಜ್ಞೆಯಿಂದ ಆಗಬೇಕಾದದ್ದೇನೂ ಇಲ್ಲ.

ಮಗಳು ಆರಿಸಿಕೊಂಡಿದ್ದ ವಿಷಯ ನೀರಿನ ಟ್ಯಾಂಕು. ನೀರು ನೂರಕ್ಕೆ 25ಕ್ಕಿಂತ ಕೆಳಗಿಳಿದರೆ ಮೋಟಾರು ಚಾಲೂ ಆಗಬೇಕು, 90ಕ್ಕೆ ಏರಿದರೆ ನಿಲ್ಲಬೇಕು. ಮಹಡಿಯ ಟ್ಯಾಂಕು ತುಂಬಿ ಹರಿಯುವ ಸದ್ದನ್ನು ನಡುರಾತ್ರಿ ಕೇಳಿದ ಯಾರಿಗಾದರೂ ಇದರ ಮಹತ್ವ ತಿಳಿದೀತು. ಪರದೆಯ ಮೇಲೆ ನೀಲಿ ನೀರು ಸೊಗಸಾಗಿ ಏರುತ್ತಿತ್ತು, ಇಳಿಯುತ್ತಿತ್ತು. ಮೋಟಾರಿನ ಕೆಂಪು ದೀಪ ತಕ್ಕ ಹೊತ್ತಿಗೆ ಹತ್ತಿ ಆರುತ್ತಿತ್ತು. ಸ್ನಾನದ ಮನೆಯಲ್ಲಿ ಎರಡು ಬಕೆಟ್ಟು, ಒಂದು ಪುಟ್ಟ ಪಂಪು ಇಟ್ಟು ನಿಜವಾದ ಚಿಪ್ಪನ್ನು ಜೋಡಿಸಿದಾಗ ಪಂಪು ಚಾಲೂ ಆಯಿತು, ನಿಲ್ಲಲೇ ಇಲ್ಲ. ಬಕೆಟ್ಟು ತುಂಬಿ ನೀರು ಹೊಸ್ತಿಲು ದಾಟಿತು.

ಎರಡು ಸಂಜೆ ಅವಳು ತಂತಿಗಳನ್ನು ಅನುಮಾನಿಸಿದಳು. ಮೂರನೆಯ ಸಂಜೆ ಚಾರ್ಟನ್ನು ಮೇಲಿನಿಂದ ನನಗೆ ಓದಿ ಹೇಳುತ್ತಿದ್ದವಳು ಒಂದು ಚೌಕದ ಬಳಿ ತಟ್ಟನೆ ನಿಂತಳು. ಸಂವೇದಕ ಕೊಡುವುದು 0ಯಿಂದ 1023ರವರೆಗಿನ ಒಂದು ಸಂಖ್ಯೆ. ಅದನ್ನು ಶೇಕಡಾ ಲೆಕ್ಕಕ್ಕೆ ತಿರುಗಿಸಬೇಕು. ನೀಲಿ ನೀರಿನ ಎತ್ತರ ಬರೆಯಲು ಆ ಲೆಕ್ಕ ಬೇಕಿದ್ದುದರಿಂದ, ಅದನ್ನು ತಾಲೀಮಿನ ಮ್ಯಾಕ್ರೋದೊಳಗೇ ಮಾಡಿ, ಬಂದ ಉತ್ತರವನ್ನು ನೀರಿನ ಮಟ್ಟ ಎಂದು ಮುಂದಕ್ಕೆ ಕಳಿಸಿದ್ದಳು. ಮೋಟಾರಿನ ತೀರ್ಮಾನ ನಿಂತಿದ್ದದ್ದು ಆ ಮಟ್ಟದ ಮೇಲೆ. ಚಿಪ್‌ಗೆ ಇಳಿದಾಗ ಮ್ಯಾಕ್ರೋ ಹೋಯಿತು, ಅದರೊಡನೆ ಲೆಕ್ಕವೂ ಹೋಯಿತು. ಮಟ್ಟ ಎಂಬುದು ಆರಂಭದ ಸೊನ್ನೆಯಾಗಿಯೇ ಉಳಿಯಿತು. ಚಿಪ್ಪಿನ ಪಾಲಿಗೆ ಬಕೆಟ್ಟು ಎಂದೂ ಖಾಲಿ.

“ಅಪ್ಪ, ತಂತಿ ಸರಿಯಾಗಿಯೇ ಇದೆ. ಲೆಕ್ಕವೂ ಸರಿಯಾಗಿಯೇ ಇದೆ. ಅದು ಇರುವ ಜಾಗ ಮಾತ್ರ ತಪ್ಪು” ಎಂದಳು.

ಆ ಮಾತು ಕೇಳಿದಾಗ ನನಗೆ ಮತಗಟ್ಟೆ ಕಣ್ಣಮುಂದೆ ಬಂತು. ಕೇಂದ್ರ ಸರ್ಕಾರದ ನೌಕರರನ್ನು ಚುನಾವಣೆಯಲ್ಲಿ ಸೂಕ್ಷ್ಮ ವೀಕ್ಷಕರಾಗಿ ನೇಮಿಸುವುದುಂಟು. ನಾನೂ ಆ ಕೆಲಸ ಮಾಡಿದ್ದೇನೆ. ಮತದಾನ ಆರಂಭವಾಗುವ 90 ನಿಮಿಷ ಮೊದಲು ಏಜೆಂಟರ ಎದುರು ಅಣಕು ಮತದಾನ ನಡೆಯುತ್ತದೆ. ಕನಿಷ್ಠ 50 ಮತ ಹಾಕಿ, ಯಂತ್ರದ ಫಲಿತಾಂಶವನ್ನು ವಿವಿಪ್ಯಾಟ್ ಚೀಟಿಗಳೊಡನೆ ತಾಳೆ ನೋಡುತ್ತಾರೆ. ಬಳಿಕ ‘ಕ್ಲಿಯರ್’ ಗುಂಡಿ ಒತ್ತಿ ಯಂತ್ರದಲ್ಲಿ ಸೊನ್ನೆ ಇರುವುದನ್ನು ಎಲ್ಲರಿಗೂ ತೋರಿಸುತ್ತಾರೆ. ಚೀಟಿಗಳನ್ನು ಹೊರತೆಗೆದು, ಬೆನ್ನಿಗೆ ಅಣಕು ಮತದಾನದ ಮುದ್ರೆಯೊತ್ತಿ, ಕಪ್ಪು ಲಕೋಟೆಯಲ್ಲಿಟ್ಟು ಮೊಹರು ಮಾಡುತ್ತಾರೆ. ಆಮೇಲಷ್ಟೇ ನಿಜವಾದ ಮೊದಲ ಮತದಾರರು ಒಳಗೆ ಬರುತ್ತಾರೆ.

ಬೆಳಗಿನ ಜಾವದ ಆ ಹೊತ್ತಿನಲ್ಲಿ ಇದು ಬರಿಯ ವಿಧಿಯೆಂದು ತೋರುವುದು ಸಹಜ. ಆದರೆ ಅಲ್ಲಿ ನಡೆಯುತ್ತಿರುವುದು ಗಡಿ ಎಳೆಯುವ ಕೆಲಸ. ಅಳಿಸದೆ ಉಳಿದ ಅಣಕು ಮತ ನಿಜವಾದ ಎಣಿಕೆಯೊಳಗೆ ಸೇರಿಬಿಡುತ್ತದೆ. ಮಗಳ ಚಾರ್ಟಿನಲ್ಲಿ ಆದದ್ದು ಇದರ ತಿರುಗುಮುರುಗು: ತಾಲೀಮಿನದು ನಿಜದೊಳಗೆ ನುಸುಳಲಿಲ್ಲ, ನಿಜಕ್ಕೆ ಬೇಕಾದದ್ದು ತಾಲೀಮಿನಲ್ಲಿಯೇ ಉಳಿದುಹೋಯಿತು. ಇನ್ನೂ ಒಂದು ವ್ಯತ್ಯಾಸವಿದೆ. ಮತಗಟ್ಟೆಯಲ್ಲಿ ಅಳಿಸುವುದು ಮನುಷ್ಯರ ಕೈ, ಸಾಕ್ಷಿಗಳ ಎದುರಿಗೆ. ಇಲ್ಲಿ ಅಳಿಸುವುದು ತಂತ್ರಾಂಶ, ಸದ್ದಿಲ್ಲದೆ. ಕೈಯಿಂದ ಅಳಿಸುವವರು ಮರೆತಾರು. ಸದ್ದಿಲ್ಲದೆ ಅಳಿಸುವ ಯಂತ್ರ ಮರೆಯದು. ಆದರೆ ಏನು ಹೋಯಿತೆಂದು ಆ ಗಳಿಗೆಯಲ್ಲಿ ನೋಡುವವರೂ ಅಲ್ಲಿ ಇರುವುದಿಲ್ಲ. ಆದ್ದರಿಂದ ಆ ಗಡಿಯನ್ನು ಬರೆಯುವವರೇ ಮೊದಲು ಗುರುತಿಸಿಕೊಂಡಿರಬೇಕಾಗುತ್ತದೆ. ತಾಲೀಮಿನ ಮ್ಯಾಕ್ರೋ ನೋಡಬಹುದು, ತೋರಿಸಬಹುದು. ತೀರ್ಮಾನಿಸುವ ಅಧಿಕಾರ ಅದಕ್ಕೆ ಇರಬಾರದು.

ಹಾಗೆಂದು ತಾಲೀಮು ದಂಡವೆಂದು ನಾನು ಹೇಳಲಾರೆ. ಖಾಲಿ ಟ್ಯಾಂಕು, ತುಂಬಿದ ಟ್ಯಾಂಕು, ಕೆಟ್ಟ ಸಂವೇದಕ, ಇವನ್ನೆಲ್ಲ ಒಂದು ಹನಿ ನೀರು ಚೆಲ್ಲದೆ ಅವಳು ಪರೀಕ್ಷಿಸಿದ್ದು ಆ ಮ್ಯಾಕ್ರೋಗಳಿಂದಲೇ. ಅದೇ ತಂತ್ರಾಂಶದಲ್ಲಿ ಎಲ್‌ಸಿಡಿಯಂಥ ಬಿಡಿಭಾಗಗಳಿಗೆ ಎರಡು ಒಡಲುಗಳಿವೆ: ಪರದೆಯ ಮೇಲೆ ಅಕ್ಷರ ಬಿಡಿಸುವುದು ಒಂದು, ಚಿಪ್ಪಿನಿಂದ ನಿಜವಾದ ಸಂಕೇತ ಕಳಿಸುವುದು ಇನ್ನೊಂದು. ಅಲ್ಲಿ ಕಲಿತದ್ದು ಇಲ್ಲಿಗೆ ಹಾಗೆಯೇ ದಾಟುತ್ತದೆ. ಆದರೆ ತಾಲೀಮು ಕಲಿಸಲಾರದ ಸಂಗತಿಯೂ ಒಂದಿದೆ, ಅದನ್ನು ಬಕೆಟ್ಟೇ ಕಲಿಸಿತು. ಪರದೆಯ ನೀರು ಕದಲದೆ ಏರುತ್ತದೆ. ಪಂಪಿನಿಂದ ಬಿದ್ದ ನೀರು ತುಳುಕುತ್ತದೆ, ಸಂವೇದಕದ ಅಂಕಿ ಮೇಲೆ ಕೆಳಗೆ ಜಿಗಿಯುತ್ತದೆ. ನಾವು ಊಹಿಸದ ಅಲೆಯನ್ನು ನಾವೇ ಬರೆದ ಮ್ಯಾಕ್ರೋ ಎಬ್ಬಿಸಲಾರದು. ಕೊನೆಗೆ ಅವಳು ಹತ್ತು ಅಳತೆಗಳ ಸರಾಸರಿ ತೆಗೆಯುವ ಚೌಕವೊಂದನ್ನು ಸೇರಿಸಿದಳು, ಈ ಸಲ ಚಿಪ್‌ಗೆ ಇಳಿಯುವ ಭಾಗದಲ್ಲಿ.

ಲೆಕ್ಕವನ್ನೂ ಹೊರಗೆ ತಂದದ್ದಾಯಿತು. ಅಷ್ಟಕ್ಕೇ ಬಿಡದೆ, ತಾಲೀಮಿಗೆ ಮಾತ್ರ ಸೇರಿದ ಪ್ರತಿ ಮ್ಯಾಕ್ರೋದ ಹೆಸರಿನ ಮುಂದೆಯೂ ‘ಸಿಮ್’ ಎಂದು ಸೇರಿಸಿದಳು. ಚಿಪ್‌ಗೆ ಇಳಿಸುವ ಮೊದಲು ಆ ಗುರುತಿನವನ್ನೆಲ್ಲ ಕೈಯಾರೆ ಬದಿಗಿಟ್ಟು, ಉಳಿದ ಚಾರ್ಟು ತನ್ನ ಕಾಲ ಮೇಲೆ ನಿಲ್ಲುತ್ತದೆಯೇ ಎಂದು ಓದಿ ನೋಡುವುದು ಈಗ ಅವಳ ಪದ್ಧತಿ. ಯಂತ್ರ ಹೇಗೂ ಮಾಡುವ ಕೆಲಸವನ್ನು ಎರಡನೆಯ ಸಲ ಯಾಕೆ ಮಾಡುತ್ತೀ ಎಂದು ಅವಳ ಅಮ್ಮ ಕೇಳಿದಳು.

“ಅದು ತೆಗೆಯುವಾಗ ನಾನು ನೋಡಿರಬೇಕಲ್ಲ, ಅಮ್ಮ” ಎಂದಳು ಮಗಳು.