ಅರಮನೆಯ ಬಾಗಿಲು ಮುಚ್ಚಿಲ್ಲ

ಬ್ಯಾಂಕಾಕ್ ನಗರದ ಮಹಾ ಅರಮನೆಯ ಬಿಳಿಯ ಕೋಟೆಗೋಡೆಯ ಪಕ್ಕದಲ್ಲಿ ನಡೆಯುವ ಪ್ರವಾಸಿಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಗೃಹಸ್ಥನೊಬ್ಬನು ಎದುರಾಗುವುದುಂಟು. ಯಾವ ದೇಶದವರೆಂದು ಮುಗುಳ್ನಗುತ್ತ ಕೇಳುತ್ತಾನೆ. ಇಂಡಿಯಾ ಎಂದರೆ ಹಿಗ್ಗುತ್ತಾನೆ. ಬಳಿಕ ಮರುಕದ ದನಿಯಲ್ಲಿ, "ಅಯ್ಯೋ, ಅರಮನೆ ಈಗ ಮುಚ್ಚಿದೆಯಲ್ಲ! ಇಂದು ಬೌದ್ಧರ ಹಬ್ಬ. ಮಧ್ಯಾಹ್ನದ ಮೇಲೆ ತೆರೆಯುತ್ತಾರೆ. ಅಷ್ಟರಲ್ಲಿ ಬೇರೆ ಗುಡಿಗಳನ್ನು ನೋಡಿ ಬನ್ನಿ" ಎಂದು ಟುಕ್‌ಟುಕ್ ಒಂದನ್ನು ಕರೆಯುತ್ತಾನೆ. ನಮ್ಮ ಆಟೋರಿಕ್ಷಾದ ಅಣ್ಣನಂತಿರುವ ಈ ವಾಹನದ ಬಾಡಿಗೆ ಅಂದು ನಂಬಲಾಗದಷ್ಟು ಅಗ್ಗ!

ಚಾಲಕನು ಒಂದೆರಡು ಗುಡಿಗಳನ್ನು ತೋರಿಸಿ ಕಡೆಗೆ ಹರಳಿನ ಅಂಗಡಿಯೊಂದರ ಮುಂದೆ ಇಳಿಸುತ್ತಾನೆ. ಸರ್ಕಾರದ ವಿಶೇಷ ರಿಯಾಯಿತಿ, ಇಂದೇ ಕಡೆಯ ದಿನ, ಊರಿಗೆ ಒಯ್ದು ಮಾರಿದರೆ ಎರಡರಷ್ಟು ಲಾಭ ಎಂಬ ಮಾತಿಗೆ ಮರುಳಾದವರ ಕೆಂಪು, ನೀಲಗಳ ನಿಜವಾದ ಬೆಲೆ ಬೆಂಗಳೂರಿನ ಚಿನಿವಾರನ ಮುಂದೆ ಬಯಲಾಗುತ್ತದೆ. ಇತ್ತ ಅರಮನೆಯು ದಿನವೆಲ್ಲ ತೆರೆದೇ ಇರುತ್ತದೆ. ಸಾಮಾನ್ಯವಾಗಿ ಬೆಳಗ್ಗೆ 8-30ರಿಂದ ಮಧ್ಯಾಹ್ನ 3-30ರ ವರೆಗೆ ಅಲ್ಲಿ ಟಿಕೆಟ್ ಕೊಡುತ್ತಾರೆ. ರಾಜಸಮಾರಂಭದ ನಿಮಿತ್ತ ಅಪರೂಪಕ್ಕೆ ಮುಚ್ಚಿದರೂ ಆ ಸುದ್ದಿಯನ್ನು ಟಿಕೆಟ್ ಕಿಟಕಿಯಲ್ಲಿ ಕೇಳಿ ತಿಳಿಯಬೇಕೇ ಹೊರತು ಬೀದಿಯಲ್ಲಲ್ಲ.

ಹಾಗೆಂದು ನಗುವವರನ್ನೆಲ್ಲ ಕಳ್ಳರೆಂದು ಬಗೆದರೆ ಥಾಯ್ಲೆಂಡಿಗೆ ಹೋದುದೇ ವ್ಯರ್ಥ. ದಾರಿ ಕೇಳಿದರೆ ತಮ್ಮ ಕೆಲಸ ಬಿಟ್ಟು ಜೊತೆಗೆ ನಡೆದು ಬರುವವರೂ ಅಲ್ಲಿದ್ದಾರೆ. ನಾವಾಗಿ ಕೇಳಿದವನು ಬೇರೆ, ತಾನಾಗಿ ಬಂದು ಅಂಟಿಕೊಂಡವನು ಬೇರೆ. ಇಷ್ಟು ವಿವೇಚನೆ ಸಾಕು. ವಂಚಕನೊಡನೆಯೂ ಜಗಳ ಸಲ್ಲದು. ಬೀದಿಯಲ್ಲಿ ದನಿಯೇರಿಸುವುದು ಅಲ್ಲಿ ದೊಡ್ಡ ಅಸಭ್ಯತೆ. ಕೂಗಾಡಿದವನೇ ಮರ್ಯಾದೆ ಕಳೆದುಕೊಳ್ಳುತ್ತಾನೆ. ಕೈಮುಗಿದು "ಸವಾತ್ದಿ" ಎಂದು ಮುಂದೆ ನಡೆದರಾಯಿತು. ಸಂಸ್ಕೃತದ 'ಸ್ವಸ್ತಿ'ಯಿಂದ ಬಂದ ಈ ಮಾತಿಗೆ ಗಂಡಸರು 'ಖ್ರಪ್' ಎಂದೂ ಹೆಂಗಸರು 'ಖಾ' ಎಂದೂ ಸೇರಿಸುವುದು ಮರ್ಯಾದೆ.

ನಮ್ಮವರು ಎಡವುವುದು ಬಹುಶಃ ವಾತ್ಸಲ್ಯದಲ್ಲಿ. ಮುದ್ದಾದ ಮಗುವನ್ನು ಕಂಡೊಡನೆ ತಲೆ ಸವರಲು ಕೈ ತಾನೇ ಮುಂದಾಗುತ್ತದೆ. ಥಾಯ್ ಜನರಿಗೆ ತಲೆ ದೇಹದ ಅತ್ಯಂತ ಪವಿತ್ರ ಭಾಗ, ಪರರು ಮುಟ್ಟಬಾರದು. ಪಾದ ಅತ್ಯಂತ ಕೀಳು. ಅದನ್ನು ಯಾರತ್ತಲೂ ಚಾಚಬಾರದು. ಅರಮನೆಯ ಆವರಣದ ವಾತ್ ಫ್ರಾ ಕೇವ್ ಗುಡಿಯಲ್ಲಿ, ಪಚ್ಚೆ ಬುದ್ಧನೆಂದು ಹೆಸರಾದ ಹಸಿರು ಶಿಲೆಯ ಮೂರ್ತಿಯೆದುರು, ಕಾಲುಗಳನ್ನು ಹಿಂದಕ್ಕೆ ಮಡಿಚಿ ಕುಳಿತುಕೊಳ್ಳಬೇಕು. ಭುಜ, ಮೊಣಕಾಲು ಮುಚ್ಚದ ಉಡುಪಿನವರಿಗೆ ಒಳಗೆ ಪ್ರವೇಶವಿಲ್ಲ. ಭಿಕ್ಷುಗಳನ್ನು ಸ್ತ್ರೀಯರು ಮುಟ್ಟುವಂತಿಲ್ಲ. ಕೈಯಿಂದ ಕೈಗೆ ಏನನ್ನೂ ಕೊಡುವಂತಿಲ್ಲ.

ಅದೇ ಗುಡಿಯ ಮೊಗಸಾಲೆಯ ಗೋಡೆಗಳಲ್ಲಿ 178 ಚಿತ್ರಗಳಲ್ಲಿ ರಾಮಾಯಣ ಹರಡಿದೆ. ಅಲ್ಲಿಯ 'ರಾಮಕಿಯೆನ್' ಕಥೆಯ ಹನುಮಂತ ಬ್ರಹ್ಮಚಾರಿಯಲ್ಲ, ಅನೇಕ ಸುಂದರಿಯರ ಪ್ರಿಯ! ನಮ್ಮ ಹಿರಿಯರಿಗೆ ಇದನ್ನು ತಿದ್ದುವ ಹುಮ್ಮಸ್ಸು ಬಂದರೆ ತಡೆದುಕೊಳ್ಳುವುದು ಲೇಸು.

ರಾಜನ ವಿಷಯದಲ್ಲಂತೂ ಹಾಸ್ಯವೇ ಬೇಡ. ರಾಜನಿಂದೆಗೆ ಮೂರರಿಂದ 15 ವರ್ಷ ಸೆರೆವಾಸವೆಂದು ಕಾನೂನು ಹೇಳುತ್ತದೆ, ವಿದೇಶೀಯರಿಗೂ ವಿನಾಯಿತಿಯಿಲ್ಲ. ಗಾಳಿಗೆ ಹಾರಿದ ನೋಟನ್ನು ಕಾಲಿನಿಂದ ಮೆಟ್ಟಿ ನಿಲ್ಲಿಸುವುದೂ ತಪ್ಪು, ಅದರ ಮೇಲೆ ರಾಜನ ಚಿತ್ರವಿದೆ. ಬೆಳಗ್ಗೆ 8ಕ್ಕೆ, ಸಂಜೆ 6ಕ್ಕೆ ರಾಷ್ಟ್ರಗೀತೆ ಕೇಳಿಬಂದರೆ ಸುತ್ತಲಿನವರಂತೆ ಸುಮ್ಮನೆ ನಿಲ್ಲಬೇಕು.

ಶಾಕಾಹಾರಿಗಳಿಗೆ ಒಂದು ಮಾತು: ಬರಿಯ ತರಕಾರಿಯ ಪಲ್ಯದಲ್ಲೂ ಮೀನಿನ ರಸ ಅಡಗಿರುತ್ತದೆ. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ 'ಜೇ' ಎಂದು ಬರೆದ ಅಂಗಡಿ ಹುಡುಕಿದರೆ ಮಾಂಸ, ಮೀನು ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯ ಕಾಟವೂ ತಪ್ಪುತ್ತದೆ.

ಟ್ಯಾಕ್ಸಿ ಏರುವ ಮುನ್ನ ಮೀಟರ್ ಹಾಕಿಸಬೇಕು. ತೊಂದರೆಯಾದರೆ ಪ್ರವಾಸಿ ಪೊಲೀಸರ ದೂರವಾಣಿ 1155. ಅರಮನೆಗೆ ಮಾತ್ರ ಚಾವ್ ಫ್ರಾಯಾ ನದಿಯ ದೋಣಿಯೇ ಸುಖ. ಥಾ ಚಾಂಗ್, ಎಂದರೆ ಆನೆಯ ಘಟ್ಟದಲ್ಲಿ ಇಳಿಯಬೇಕು. ಅಲ್ಲಿಯೂ ಇಸ್ತ್ರಿ ಅಂಗಿಯ ಗೃಹಸ್ಥನೊಬ್ಬನು ಕಾದಿರಬಹುದು. ಅವನಿಗೊಂದು ನಮಸ್ಕಾರ ಹೇಳಿ ನಡೆದರೆ ಬಾಗಿಲು ಕೆಲವೇ ನಿಮಿಷಗಳ ದಾರಿ.